ಬಿಲ್ಡ್ ಮುಗಿಯುವಷ್ಟು ಹೊತ್ತು ಬದುಕುವ ಸರ್ಚ್ ಸರ್ವರ್

ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಮಳೆಗಾಲ ಅಂದರೆ ಕರೆಂಟಿನ ಜೊತೆ ಕಣ್ಣಾಮುಚ್ಚಾಲೆ. ಲೈನ್ ಮೇಲೆ ಮರ ಬಿದ್ದರೆ ಆ ದಿನ ಮುಗಿದ ಹಾಗೆ. ಹಾಗಾಗಿ ನನ್ನ ಕೆಲಸವೆಲ್ಲ ಒಂದೇ ಹಳೇ ಲ್ಯಾಪ್‌ಟಾಪಿನಲ್ಲಿ. ಕೋಡ್ ಬರೆಯುವುದೂ ಅಲ್ಲೇ, ಪ್ಯಾಕೇಜ್ ಕಟ್ಟುವುದೂ ಅಲ್ಲೇ. ನಾನು ಎಡವಿದ್ದು ಇದರಿಂದಲೇ.

ಅಡಿಕೆ ಧಾರಣೆ ಬರೆದಿಟ್ಟುಕೊಂಡು ಹುಡುಕಲು ಒಂದು ಪುಟ್ಟ ಪೈಥಾನ್ ಲೈಬ್ರರಿ ಮಾಡಿಕೊಂಡಿದ್ದೆ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆ ಟೈಪ್ ಮಾಡಿದರೆ ಆಯಾ ದಿನದ ಟಿಪ್ಪಣಿ ಬರಬೇಕು, ಅಷ್ಟೆ. ಶಿವಮೊಗ್ಗದ ಗೆಳೆಯನೊಬ್ಬ ತನಗೂ ಬೇಕು ಅಂದ. ಕೊಡುವುದಾದರೆ ನೀಟಾಗಿ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಪ್ಯಾಕೇಜ್ ಮಾಡಿಯೇ ಕೊಡೋಣ ಅಂತ ಕೂತೆ.

ಒಳಗೆ ಹುಡುಕುವ ಕೆಲಸ ಸ್ಫಿಂಕ್ಸ್ ಅನ್ನುವ ಸರ್ಚ್ ಸರ್ವರಿನದು. ಇಂಥದೇ ಇನ್ನೊಂದು ಸರ್ವರ್ ಎಲಾಸ್ಟಿಕ್‌ಸರ್ಚ್ ಯಾಕಲ್ಲ ಅಂತ ಕೇಳಬಹುದು. ಅದಕ್ಕೆ ಜಾವಾ ಬೇಕು, ಮೆಮೊರಿ ಜಾಸ್ತಿ ಬೇಕು. ಅದಕ್ಕಿಂತ ಮುಖ್ಯವಾಗಿ, ಡೆಬಿಯನ್ ಪ್ಯಾಕೇಜ್ ಕಟ್ಟುವಾಗ ಇಂಟರ್‌ನೆಟ್ಟಿನಿಂದ ಏನನ್ನೂ ಇಳಿಸಿಕೊಳ್ಳುವಂತಿಲ್ಲ. ಕಟ್ಟುವಾಗಲೇ ಲೈಬ್ರರಿಯ ಟೆಸ್ಟ್ ಓಡುತ್ತದೆ, ಅದಕ್ಕೆ ಬೇಕಾದ ಸರ್ವರ್ ಕೂಡ ಡೆಬಿಯನ್ ಪ್ಯಾಕೇಜ್ ಆಗಿಯೇ ಸಿಗಬೇಕು. ಸ್ಫಿಂಕ್ಸ್‌ನ 2.2.11 ಆವೃತ್ತಿ ಹಾಗೆ ಸಿಕ್ಕಿತು. ಹಳೇದು, ಆದರೆ ನನ್ನ ಕೆಲಸಕ್ಕೆ ಸಾಕು.

ಮೊದಲ ಸಲ ಬಿಲ್ಡ್ (ಪ್ಯಾಕೇಜ್ ಕಟ್ಟುವ ಕೆಲಸ) ಓಡಿಸಿದಾಗ ಎಲ್ಲಾ ಟೆಸ್ಟ್ ಪಾಸ್. ಖುಷಿಯಾಗಿ ಎದ್ದು ಕಾಫಿ ಕುಡಿದು ಬಂದೆ. ಸಂಜೆ ನನ್ನದೇ ಧಾರಣೆ ಪಟ್ಟಿ ತೆರೆದರೆ ಪೂರ್ತಿ ಖಾಲಿ! ಎರಡು ಸೀಸನ್ನಿನ ಟಿಪ್ಪಣಿ ಮಾಯ. ಪುಣ್ಯಕ್ಕೆ ಅದರ ಪ್ರತಿ ಬೇರೆ ಕಡೆ ಇತ್ತು ಅನ್ನಿ.

ಆಗಿದ್ದಿಷ್ಟು. ನನ್ನ ಲ್ಯಾಪ್‌ಟಾಪಿನಲ್ಲಿ ದಿನಬಳಕೆಯ ಸ್ಫಿಂಕ್ಸ್ 9306ನೇ ಪೋರ್ಟಿನಲ್ಲಿ (ಪ್ರೋಗ್ರಾಂಗಳು ಮಾತಾಡುವ ನಂಬರಿನ ಬಾಗಿಲು) ಯಾವಾಗಲೂ ಓಡುತ್ತಿರುತ್ತದೆ. ಟೆಸ್ಟ್ ಕೂಡ ಅದೇ ಪೋರ್ಟಿಗೆ ಹೋಗಿ, ಸಿಕ್ಕ ಸರ್ವರನ್ನು ತನ್ನದೇ ಅಂದುಕೊಂಡು, ಮೊದಲ ಹೆಜ್ಜೆಯಲ್ಲೇ ಇಂಡೆಕ್ಸನ್ನು (ಹುಡುಕಲು ಜೋಡಿಸಿಟ್ಟ ಪಟ್ಟಿ) ಟ್ರಂಕೇಟ್ ಮಾಡಿ ಖಾಲಿ ಮಾಡಿಬಿಟ್ಟಿದೆ. ಆದರೆ ನಾನು ಕಟ್ಟಿದ್ದು ಕ್ರೂಟ್ (ಬಿಲ್ಡಿಗೆಂದೇ ಬೇರ್ಪಡಿಸಿದ ಫೈಲುಗಳ ಆವರಣ) ಒಳಗೆ ಅಲ್ವಾ? ಹೊರಗಿನದು ಹೇಗೆ ಸಿಕ್ಕಿತು? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕ್ರೂಟ್ ಬೇಲಿ ಹಾಕುವುದು ಫೈಲುಗಳಿಗೆ, ನೆಟ್‌ವರ್ಕಿಗೆ ಅಲ್ಲ. ಒಳಗಿನಿಂದ ಲೋಕಲ್‌ಹೋಸ್ಟ್ (ಇದೇ ಕಂಪ್ಯೂಟರ್) ಅಂದರೂ ಅದು ಇದೇ ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟೇ. ಅಂದರೆ ನನ್ನ 'ಪಾಸ್'ಗೆ ಮೂರು ಕಾಸಿನ ಬೆಲೆಯೂ ಇರಲಿಲ್ಲ.

ಬೇರೆ ಪೋರ್ಟ್ ನಂಬರ್ ಕೊಟ್ಟರೆ ಮುಗೀತಲ್ಲ ಅನ್ನಿಸಿತು. ಆದರೆ ಆ ನಂಬರನ್ನೂ ಒಂದಿನ ಇನ್ಯಾವುದೋ ಪ್ರೋಗ್ರಾಂ ಹಿಡಿದು ಕೂತಿರಬಹುದು. ಪೋರ್ಟಿನ ಸಹವಾಸವೇ ಬೇಡ ಅಂತ ಯೂನಿಕ್ಸ್ ಸಾಕೆಟ್ಟಿಗೆ ಹೋದೆ. ಸಾಕೆಟ್ ಅಂದರೆ ಒಂದೇ ಕಂಪ್ಯೂಟರಿನ ಪ್ರೋಗ್ರಾಂಗಳು ತಮ್ಮೊಳಗೆ ಮಾತಾಡಲು ಬಳಸುವ ಒಂದು ಫೈಲ್. ಬಿಲ್ಡ್ ಶುರುವಾದಾಗ ಒಂದು ತಾತ್ಕಾಲಿಕ ಫೋಲ್ಡರ್ ಹುಟ್ಟುತ್ತದೆ. ಕಾನ್ಫಿಗ್, ಇಂಡೆಕ್ಸ್, ಲಾಗ್, ಸಾಕೆಟ್ ಎಲ್ಲಾ ಅದರೊಳಗೆ. ಸರ್ವರ್ ಆ ಸಾಕೆಟ್ ಒಂದರಲ್ಲಿ ಮಾತ್ರ ಕಿವಿ ಕೊಡುತ್ತದೆ. ಬೇರೆ ಯಾರಿಗೂ ಅದರ ವಿಳಾಸ ಗೊತ್ತಿಲ್ಲ.

ಮೊದಲು ಆ ಫೋಲ್ಡರನ್ನು ಬಿಲ್ಡ್ ಡೈರೆಕ್ಟರಿಯ ಒಳಗೇ ಇಟ್ಟಿದ್ದೆ, ಸರ್ವರ್ ಏಳಲೇ ಇಲ್ಲ. ಲಿನಕ್ಸ್‌ನಲ್ಲಿ ಸಾಕೆಟ್ ಪಾತ್‌ಗೆ (ಫೈಲಿನ ಪೂರ್ತಿ ವಿಳಾಸ) 108 ಬೈಟ್ ಮಾತ್ರ ಜಾಗ. ನನ್ನ ಪ್ಯಾಕೇಜಿನ ಉದ್ದ ಹೆಸರು, ಅದರೊಳಗೆ ಫೋಲ್ಡರ್ ಮೇಲೆ ಫೋಲ್ಡರ್, ಮಿತಿ ದಾಟಿತ್ತು. ಟಿಎಂಪಿಗೆ (ತಾತ್ಕಾಲಿಕ ಫೈಲುಗಳ ಸಿಸ್ಟಮ್ ಫೋಲ್ಡರ್) ಸಾಗಿಸಿದೆ, ಎದ್ದಿತು. ಇನ್ನೊಂದು ವಿಷಯ, ಬಿನ್‌ಲಾಗ್ ಪಾತ್ ಅನ್ನುವ ಸೆಟ್ಟಿಂಗನ್ನು ಖಾಲಿ ಬಿಡಲೇಬೇಕು. ಇಲ್ಲದಿದ್ದರೆ ಸ್ಫಿಂಕ್ಸ್ ಸಿಸ್ಟಮ್ಮಿನ ಫೋಲ್ಡರಿನಲ್ಲಿ ಬರೆಯಲು ಹೋಗಿ, ಅನುಮತಿ ಇಲ್ಲದೆ ಬಿದ್ದುಹೋಗುತ್ತದೆ.

ಹೊಸ ಸರ್ವರಿನ ಮೇಲೆ ಓಡಿಸಿದರೆ 11 ಟೆಸ್ಟ್ ಫೇಲ್. ಅಂಕಿ ಹುಡುಕುವ ಟೆಸ್ಟೆಲ್ಲ ಪಾಸ್, ಕನ್ನಡ ಪದ ಹುಡುಕುವವೆಲ್ಲ ಫೇಲ್. ಸ್ಫಿಂಕ್ಸ್‌ಗೆ 'ಕಾಲ್ ಕೀವರ್ಡ್ಸ್' ಅನ್ನುವ ಆಜ್ಞೆ ಕೊಟ್ಟರೆ, ಕೊಟ್ಟ ಪಠ್ಯವನ್ನು ಅದು ಹೇಗೆ ಒಡೆದುಕೊಂಡಿದೆ ಅಂತ ತೋರಿಸುತ್ತದೆ. 'ರಾಶಿ' ಕೊಟ್ಟೆ. ಉತ್ತರದಲ್ಲಿ ಒಂದು ಪದವೂ ಇಲ್ಲ. ಅದರ ಪಾಲಿಗೆ 'ರಾಶಿ' ಅಂದರೆ ಬರೀ ಖಾಲಿ ಜಾಗ! ಅದರ ಚಾರ್‌ಸೆಟ್ ಟೇಬಲಿನಲ್ಲಿ (ಪದದ ಅಕ್ಷರ ಅಂತ ಒಪ್ಪುವವುಗಳ ಪಟ್ಟಿ) ಮೊದಲಿಂದ ಇರುವುದು ಅಂಕಿ, ಇಂಗ್ಲಿಷ್ ಮತ್ತು ರಷ್ಯನ್ ಅಕ್ಷರ ಮಾತ್ರ. ಯೂನಿಕೋಡ್‌ನಲ್ಲಿ ಕನ್ನಡಕ್ಕಿರುವ 128 ಮನೆಗಳ ಸಾಲನ್ನು ನಾವೇ ಸೇರಿಸಬೇಕು. ನಾನು ಯಾವತ್ತೋ ದಿನಬಳಕೆಯ ಸರ್ವರಿಗೆ ಸೇರಿಸಿ ಮರೆತಿದ್ದೆ. ಪ್ಯಾಕೇಜಿನಲ್ಲಿ ಆ ಸಾಲು ಇರಲೇ ಇಲ್ಲ. ಹಾಗೇ ಕೊಟ್ಟಿದ್ದರೆ ಗೆಳೆಯ ಫೋನ್ ಮಾಡಿ ಬೈಯುತ್ತಿದ್ದ, ನಾನು 'ನಮ್ಮನೇಲಿ ಸರಿ ಇದೆಯಲ್ಲ ಮಾರಾಯ' ಅನ್ನುತ್ತಿದ್ದೆ.

ಸಾಲು ಸೇರಿಸಿದ ಮೇಲೂ ಒಂದು ಟೆಸ್ಟ್ ಹಠ ಹಿಡಿಯಿತು. ಪಠ್ಯದಲ್ಲಿ 'ಗೋಡೌನ್‌ನಲ್ಲಿ ಸರಕು ಇದೆ' ಅಂತಿತ್ತು. ಮತ್ತೆ ಕಾಲ್ ಕೀವರ್ಡ್ಸ್ ಕೇಳಿದರೆ 'ಗೋಡೌನ್' ಒಂದು ಪದ, 'ನಲ್ಲಿ' ಇನ್ನೊಂದು ಪದ. ಬಚ್ಚಲುಮನೆಯ ನಲ್ಲಿ ಹುಡುಕಿದರೆ ಅಡಿಕೆ ಗೋಡೌನ್ ಬರುತ್ತಿತ್ತು. ಒತ್ತಕ್ಷರ ಆಗದಿರಲಿ ಅಂತ ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರ ಇದೆಯಲ್ಲ, ಝಡ್‌ಡಬ್ಲ್ಯುಎನ್‌ಜೆ, ಅದನ್ನು ಸ್ಫಿಂಕ್ಸ್ ಪದ ಮುಗಿಯಿತು ಅಂತ ಓದಿಕೊಂಡಿತ್ತು. ಇಗ್ನೋರ್ ಚಾರ್ಸ್ (ಲೆಕ್ಕಕ್ಕೆ ತೆಗೆದುಕೊಳ್ಳದ ಅಕ್ಷರಗಳ) ಪಟ್ಟಿಗೆ ಅದನ್ನು ಹಾಕಿದೆ. ಈಗ ಎರಡೂ ಅಂಟಿಕೊಂಡು ಒಂದೇ ಪದ. ಇದರಲ್ಲೂ ಒಂದು ನಷ್ಟ ಇದೆ, ಬರೀ 'ಗೋಡೌನ್' ಅಂತ ಹುಡುಕಿದರೆ ಇನ್ನು ಸಿಗುವುದಿಲ್ಲ. ಅದಕ್ಕೆ ಪದದ ಆರಂಭದಿಂದ ಹುಡುಕುವ ಸೌಲಭ್ಯ ಹಾಕಿ, ಕೊನೆಗೊಂದು ನಕ್ಷತ್ರ ಚಿಹ್ನೆ ಸೇರಿಸಿದೆ. ವಿಭಕ್ತಿ ಅಂಟಿಸಿಕೊಂಡೇ ಓಡಾಡುವ ನಮ್ಮ ಭಾಷೆಗೆ ಅದು ಹೇಗಿದ್ದರೂ ಬೇಕಿತ್ತು.

ಉಳಿದದ್ದು ಸರ್ವರನ್ನು ಏಳಿಸುವುದು, ಮಲಗಿಸುವುದು. ಶುರುವಿಗೆ 'ಸ್ಲೀಪ್ 5', ಅಂದರೆ ಐದು ಸೆಕೆಂಡ್ ಸುಮ್ಮನೆ ಕಾಯಿ ಅಂತ ಬರೆದಿದ್ದೆ. ಬ್ಯಾಟರಿ ಮೇಲೆ ಓಡುವಾಗ ಈ ಲ್ಯಾಪ್‌ಟಾಪಿಗೆ ಐದು ಸೆಕೆಂಡ್ ಸಾಲುವುದಿಲ್ಲ. ಈಗ ಸೆಕೆಂಡಿಗೊಮ್ಮೆ ಒಂದು ಸುಮ್ನೆ ಕ್ವೆರಿ ಕಳಿಸಿ ನೋಡುತ್ತೇನೆ. 30 ಸಲ ಕೇಳಿದರೂ ಉತ್ತರ ಬರದಿದ್ದರೆ ಸರ್ವರಿನ ಲಾಗನ್ನು ಬಿಲ್ಡ್ ಲಾಗಿಗೆ ಸುರಿದು ನಿಲ್ಲಿಸುತ್ತೇನೆ. ಆ ಲಾಗ್ ಸುರಿಯುವುದನ್ನು ಬಿಡಬೇಡಿ, ಫೋಲ್ಡರ್ ಅಳಿಸಿಹೋದ ಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ಮಲಗಿಸುವುದಕ್ಕೆ ಶೆಲ್ಲಿನ ಟ್ರ್ಯಾಪ್. ಟೆಸ್ಟ್ ಪಾಸಾಗಲಿ ಫೇಲಾಗಲಿ, ಸ್ಕ್ರಿಪ್ಟ್ ಹೊರಬೀಳುವಾಗ ಸರ್ವರನ್ನು ಕೊಂದು ಫೋಲ್ಡರ್ ಅಳಿಸುತ್ತದೆ. ಸ್ಫಿಂಕ್ಸ್ ತಾನಾಗಿ ಹಿನ್ನೆಲೆಗೆ ಜಾರಿಕೊಳ್ಳುವ ಸ್ವಭಾವದ್ದು, ಅದಕ್ಕೆ ನೋಡಿಟ್ಯಾಚ್ ಅಂತ ಕೊಟ್ಟು ಕೈಯಳತೆಯಲ್ಲೇ ಇಟ್ಟುಕೊಂಡಿದ್ದೇನೆ. ಒಮ್ಮೆ ಇದನ್ನು ಮರೆತು, ಟೆಸ್ಟೆಲ್ಲ ಮುಗಿದರೂ ಬಿಲ್ಡ್ ಮುಗಿಯದೆ ಅರ್ಧ ಗಂಟೆ ಕಾದಿದ್ದೆ. ಬಿಲ್ಡ್ ಲಾಗಿಗೆ ಬರಹ ಹೋಗುವ ಪೈಪನ್ನು ಸರ್ವರ್ ಇನ್ನೂ ಹಿಡಿದುಕೊಂಡೇ ಕೂತಿತ್ತು.

ಗೆಳೆಯನಿಗೆ ಪ್ಯಾಕೇಜ್ ಕಳಿಸುವ ಮುಂಚೆ ದಿನಬಳಕೆಯ ಸರ್ವರನ್ನು ಬೇಕಂತಲೇ ಓಡುತ್ತಾ ಬಿಟ್ಟು ಬಿಲ್ಡ್ ಮಾಡಿದೆ. ಮುಗಿದ ತಕ್ಷಣ ಧಾರಣೆ ಪಟ್ಟಿ ತೆರೆದೆ. ಟಿಪ್ಪಣಿಗಳೆಲ್ಲ ಇದ್ದವು.