ಕ್ಯಾಂಪರ್ ವ್ಯಾನ್‌ನ ಕೋಸ್ಟಿಂಗ್: ಎಲ್ಲಿ ಓಡಲು ಬಿಡಬೇಕು, ಎಲ್ಲಿ ಗೇರಿನಲ್ಲಿ ಹಿಡಿಯಬೇಕು

ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಎಂಬ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಆಲ್ಪ್ಸ್ ಕಡೆ ಹೊರಡುವವರನ್ನು ಮೊದಲ ದಿನವೇ ಗಲಿಬಿಲಿಗೊಳಿಸುವ ಸಂಗತಿಯೊಂದಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ವ್ಯಾನ್ ನಿಧಾನವಾಗುವುದಿಲ್ಲ. ಆರ್‌ಪಿಎಂ ಮುಳ್ಳು ಸುಮಾರು 800ಕ್ಕೆ ಬೀಳುತ್ತದೆ, ಎಂಜಿನ್ ಸದ್ದು ಅಡಗುತ್ತದೆ, ಗಾಡಿ ಮಾತ್ರ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಗೇರ್‌ಬಾಕ್ಸ್ ಕೆಟ್ಟಿಲ್ಲ, ಇದು ಕೋಸ್ಟಿಂಗ್, ಅಂದರೆ ಎಂಜಿನ್ ಹಿಡಿತ ಬಿಡಿಸಿಕೊಂಡು ಗಾಡಿ ತಾನಾಗಿ ಉರುಳುವುದು. ಈ ವ್ಯಾನ್‌ನ ಎರಡು ಪೀಳಿಗೆಗಳಾದ 2015ರ ಟಿ6, 2019ರಲ್ಲಿ ಬಂದ ಟಿ6.1 ಇವೆರಡರ ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಮಾದರಿಗಳಲ್ಲಿ ಈ ವ್ಯವಸ್ಥೆ ಸಿಗುತ್ತದೆ. ಮ್ಯಾನ್ಯುವಲ್ ಗೇರಿನ ವ್ಯಾನ್‌ಗಳಲ್ಲಿ ಇಲ್ಲ.

ಕೋಸ್ಟಿಂಗ್‌ನಿಂದ ಎಲ್ಲ ಕಡೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಅರ್ಧ ಮಾತ್ರ ನಿಜ. ಸಮತಟ್ಟಾದ ರಸ್ತೆಯಲ್ಲಿ, ದೂರದವರೆಗೆ ಕಣ್ಣು ಹಾಯುವ ಕಡೆ ಉಳಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ, ಬ್ರೇಕ್ ಬೇರೆ ಬಿಸಿಯಾಗುತ್ತದೆ.

ಒಳಗೆ ನಡೆಯುವುದೇನು

ಈ ವ್ಯಾನ್‌ಗಳಲ್ಲಿರುವುದು ಏಳು ಗೇರಿನ ಡಿಎಸ್‌ಜಿ. ಎಣ್ಣೆಯಲ್ಲಿ ಮುಳುಗಿದ ಎರಡು ಕ್ಲಚ್‌ಗಳಿವೆ. 1, 3, 5, 7ನೇ ಗೇರುಗಳು ಒಂದರ ಪಾಲಿಗೆ, 2, 4, 6 ಇನ್ನೊಂದರ ಪಾಲಿಗೆ. ಕಾಲು ತೆಗೆದಾಗ ಕಂಪ್ಯೂಟರ್ ಎರಡೂ ಕ್ಲಚ್‌ಗಳನ್ನು ಬಿಡಿಸುತ್ತದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ಗಾಡಿಯನ್ನು ಎಳೆಯದೆ ಕನಿಷ್ಠ ವೇಗದಲ್ಲಿ, ಉರಿಯುತ್ತಿರುತ್ತದೆ, ಆದ್ದರಿಂದ ಬ್ರೇಕ್ ಬೂಸ್ಟರ್, ಎಸಿ, ಆಲ್ಟರ್ನೇಟರ್ ಯಾವುದೂ ನಿಲ್ಲುವುದಿಲ್ಲ. ವೇಗಕ್ಕೆ ತಕ್ಕ ಗೇರನ್ನು ಗೇರ್‌ಬಾಕ್ಸ್ ಸಿದ್ಧವಾಗಿಟ್ಟುಕೊಂಡಿರುತ್ತದೆ. ಮತ್ತೆ ಕಾಲಿಟ್ಟರೆ ಎಂಜಿನ್ ವೇಗವನ್ನು ಹೊಂದಿಸಿ ಕ್ಲಚ್ ಕೂಡಿಸುತ್ತದೆ. ಘಾಟಿ ಇಳಿಯುವಾಗ ಲೀವರನ್ನು ಕೈಯಾರೆ ನ್ಯೂಟ್ರಲ್‌ಗೆ ತಳ್ಳುವ ಹಳೆಯ ಚಾಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಕೈಯಿಂದ ಎನ್‌ಗೆ ಹಾಕಿದರೆ ಕಂಪ್ಯೂಟರ್ ತಾನಾಗಿ ಗೇರ್ ಕೂಡಿಸಲಾರದು, ಬ್ರೇಕ್ ಒತ್ತಿದರೂ ಎಂಜಿನ್ ಹಿಡಿತ ಬರುವುದಿಲ್ಲ. ಓಡುವ ಡಿಎಸ್‌ಜಿ ಗಾಡಿಯನ್ನು ಯಾವತ್ತೂ ಎನ್‌ಗೆ ಹಾಕಬೇಡಿ.

ಇದರ ಎದುರಿಗಿರುವುದು ಎಂಜಿನ್ ಬ್ರೇಕಿಂಗ್. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಇಂಜೆಕ್ಟರ್‌ಗಳು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತವೆ, ಖರ್ಚು ಸೊನ್ನೆ. ಕೋಸ್ಟಿಂಗ್‌ನಲ್ಲಿ ಐಡಲ್‌ಗೆಂದು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಉರಿಯುತ್ತದೆ.

ಯಾವುದು ನಡೆಯುತ್ತಿದೆ ಎಂದು ತಿಳಿಯಲು ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಅಂಕಿ ನೋಡಿದರೆ ಸಾಕು. ಆರ್‌ಪಿಎಂ 800ರ ಆಸುಪಾಸಿದ್ದು, ತತ್‌ಕ್ಷಣದ ಮೈಲೇಜ್ ಪರದೆಯಲ್ಲಿ 0.5 ಅಥವಾ 0.7ರಂಥ ಸಣ್ಣ ಅಂಕಿ (ನೂರು ಕಿಲೋಮೀಟರಿಗೆ ಲೀಟರ್) ಇದ್ದರೆ ಕೋಸ್ಟಿಂಗ್. ಆರ್‌ಪಿಎಂ 1,200ಕ್ಕಿಂತ ಮೇಲಿದ್ದು ಪರದೆ 0.0 ತೋರಿಸಿದರೆ ಎಂಜಿನ್ ಬ್ರೇಕಿಂಗ್. ಬಾಡಿಗೆ ವ್ಯಾನ್ ಕೈಗೆ ಬಂದ ಕೂಡಲೇ ಈ ಪರದೆಯನ್ನು ಮುಂದೆ ತಂದಿಟ್ಟುಕೊಳ್ಳಿ.

ಮೊದಲು ಖಾಲಿ ರಸ್ತೆಯಲ್ಲಿ ಪರೀಕ್ಷೆ ಮಾಡಿ

ಮಾದರಿ, ವರ್ಷ, ಸಾಫ್ಟ್‌ವೇರ್‌ಗಳಿಗೆ ತಕ್ಕಂತೆ ನಡವಳಿಕೆ ಸ್ವಲ್ಪ ಬದಲಾಗುತ್ತದೆ. ಬೆಟ್ಟ ಹತ್ತುವ ಮೊದಲು ಹಿಂದೆ ವಾಹನವಿಲ್ಲದ ನೇರ, ಸಮ ರಸ್ತೆಯಲ್ಲಿ ಹೀಗೆ ಮಾಡಿ:

1. ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ, ಅಂದರೆ 15–20 ನಿಮಿಷ, ಓಡಿಸಿ. ತಣ್ಣಗಿರುವಾಗ ಕೋಸ್ಟಿಂಗ್ ಬಾರದಿದ್ದರೆ ಅದು ದೋಷವಲ್ಲ.
2. ಲೀವರ್ ಡಿಯಲ್ಲಿರಲಿ. ಡ್ರೈವಿಂಗ್ ಪ್ರೊಫೈಲ್ ಆಯ್ಕೆ ಇದ್ದರೆ ಇಕೋ ಒತ್ತಿ. ಆಯ್ಕೆ ಇಲ್ಲದ ವ್ಯಾನ್‌ನಲ್ಲಿ ಡಿಯಲ್ಲೇ ನೋಡಿ.
3. 80 ಕಿ.ಮೀ. ವೇಗದಲ್ಲಿ ಕಾಲನ್ನು ನಿಧಾನವಾಗಿ ಪೂರ್ತಿ ಎತ್ತಿ. ಮುಳ್ಳು ಐಡಲ್‌ಗೆ ಇಳಿಯಬೇಕು.
4. ಬ್ರೇಕ್ ಪೆಡಲನ್ನು ಹಗುರವಾಗಿ ಮುಟ್ಟಿ. ಮುಳ್ಳು ಮೇಲೇರಿ ನಿಂತರೆ ಕ್ಲಚ್ ಕೂಡಿತು ಎಂದರ್ಥ. ಸಾಮಾನ್ಯವಾಗಿ ಮುಂದೆ ಆಕ್ಸಿಲರೇಟರ್ ಒತ್ತಿ ಬಿಡುವವರೆಗೂ ಅದು ಕೂಡಿಯೇ ಇರುತ್ತದೆ.
5. ಮತ್ತೆ ಕೋಸ್ಟಿಂಗ್‌ಗೆ ಬಿಟ್ಟು, ಈ ಸಲ ಸ್ಟೀರಿಂಗ್ ಹಿಂದಿನ ಮೈನಸ್ ಪ್ಯಾಡಲ್ ಎಳೆಯಿರಿ. ಪ್ಯಾಡಲ್ ಇಲ್ಲದಿದ್ದರೆ ಲೀವರನ್ನು ಮ್ಯಾನ್ಯುವಲ್ ಹಾದಿಗೆ ಸರಿಸಿ ಒಂದು ಗೇರ್ ಇಳಿಸಿ. ಹಿಡಿತ ತಕ್ಷಣ ಸಿಗುತ್ತದೆ. ಪ್ಲಸ್ ಪ್ಯಾಡಲನ್ನು ಒಂದು ಸೆಕೆಂಡ್ ಎಳೆದು ಹಿಡಿದರೆ ವಾಪಸ್ ಡಿ.
6. ಕ್ರೂಸ್ ಕಂಟ್ರೋಲ್ ಹಾಕಿ ಸಣ್ಣ ಇಳಿಜಾರಿನಲ್ಲಿ ಮುಳ್ಳು ಏನು ಮಾಡುತ್ತದೆ ನೋಡಿ. ಐಡಲ್‌ಗೆ ಇಳಿದರೆ ಕ್ರೂಸ್‌ನಲ್ಲೂ ಕೋಸ್ಟಿಂಗ್ ಇದೆ.

ಐದನೆಯದನ್ನು ಕೈ ತಾನಾಗಿ ಮಾಡುವಷ್ಟು ರೂಢಿ ಮಾಡಿಕೊಳ್ಳಿ. ಎಂಜಿನ್ ಹಿಡಿತ ತಕ್ಷಣ ಬೇಕಾದಾಗ ನೆರವಿಗೆ ಬರುವುದು ಅದೇ.

ಎಷ್ಟು ದೂರ ಓಡುತ್ತದೆ

ಸಾಮಾನು, ಜನ, 30 ಲೀಟರ್ ನೀರು ಎಲ್ಲ ಸೇರಿ ಕ್ಯಾಲಿಫೋರ್ನಿಯಾ ಸುಮಾರು 3 ಟನ್ ತೂಗುತ್ತದೆ. ಮೈ ಎತ್ತರ, ಆದ್ದರಿಂದ ಗಾಳಿಯ ತಡೆಯೂ ಜಾಸ್ತಿ. ಗಾಳಿಯ ತಡೆ ಮತ್ತು ಟೈರಿನ ಉರುಳು ತಡೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಾಳಿ ಬೀಸದ ಸಮ ರಸ್ತೆಯಲ್ಲಿ 100 ಕಿ.ಮೀ. ವೇಗದಲ್ಲಿ ಕೋಸ್ಟಿಂಗ್‌ಗೆ ಬಿಟ್ಟ ವ್ಯಾನ್ 80ಕ್ಕೆ ಇಳಿಯಲು ಅರ್ಧ ಕಿಲೋಮೀಟರಿಗೂ ತುಸು ಹೆಚ್ಚು ಬೇಕು, 50ಕ್ಕೆ ಇಳಿಯಲು ಸುಮಾರು 1.4 ಕಿ.ಮೀ. ಅದೇ ವ್ಯಾನ್ ಗೇರಿನಲ್ಲಿದ್ದರೆ 100ರಿಂದ 50ಕ್ಕೆ ಒಂದು ಕಿಲೋಮೀಟರಿನೊಳಗೆ ಬರುತ್ತದೆ. ಮೇಲೆ ರೂಫ್ ಬಾಕ್ಸ್ ಅಥವಾ ಎದುರುಗಾಳಿ ಇದ್ದರೆ ಎರಡೂ ಕಡಿಮೆಯಾಗುತ್ತವೆ.

ಮುಂದಿನ ಊರಿನ ಹಳದಿ ಫಲಕ ದೂರದಿಂದಲೇ ಕಾಣುತ್ತಿದೆ, ಅಲ್ಲಿಂದ 50ರ ಮಿತಿ ಎಂದುಕೊಳ್ಳಿ. 1.4 ಕಿ.ಮೀ. ಮೊದಲೇ ಕಾಲು ತೆಗೆದರೆ ಕೋಸ್ಟಿಂಗ್‌ನಲ್ಲಿ ಫಲಕ ತಲುಪುವಷ್ಟರಲ್ಲಿ ಉರಿಯುವುದು ಹತ್ತು ಹನ್ನೆರಡು ಮಿಲಿಲೀಟರ್. ಗೇರಿನಲ್ಲಿ ಬರುವವರು ಇನ್ನೂ ನಾನೂರೈವತ್ತು ಮೀಟರ್ ಎಂಜಿನ್ ಬಲದಲ್ಲಿ ಓಡಿಸಿ ಆಮೇಲೆ ಕಾಲು ತೆಗೆಯಬೇಕು. ನೂರು ಕಿಲೋಮೀಟರಿಗೆ 9 ಲೀಟರ್ ಲೆಕ್ಕದಲ್ಲಿ ಅದಕ್ಕೆ 40 ಮಿ.ಲೀ. ಖರ್ಚು. ಉಳಿತಾಯ 30 ಮಿ.ಲೀ. ಹತ್ತಿರ. ಒಂದು ಸಲಕ್ಕೆ ಏನೂ ಅಲ್ಲ, ಆದರೆ ಊರಿಂದ ಊರಿಗೆ ಸಾಗುವ ದಾರಿಯಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ.

ಫಲಕ ಕಂಡಿದ್ದು 400 ಮೀಟರ್ ದೂರದಲ್ಲಿ ಮಾತ್ರ ಎಂದಾದರೆ ಲೆಕ್ಕ ತಿರುಗುತ್ತದೆ. ಕೋಸ್ಟಿಂಗ್‌ಗೆ ಬಿಟ್ಟರೆ ಕೊನೆಯಲ್ಲಿ ಬ್ರೇಕ್ ಒತ್ತಲೇಬೇಕು. ಆ ಶಕ್ತಿ ಡಿಸ್ಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ, ಐಡಲ್‌ಗೆ ಡೀಸೆಲ್ಲೂ ಹೋಗುತ್ತದೆ. ಅಲ್ಲಿ ಕಾಲು ತೆಗೆದ ಕೂಡಲೇ ಮೈನಸ್ ಎಳೆಯುವುದೇ ಸರಿ.

ಇಳಿಜಾರಿನಲ್ಲಿ

ಅದೇ ಲೆಕ್ಕದಲ್ಲಿ ಶೇ. 3ರ ಇಳಿಜಾರಿನಲ್ಲಿ ವ್ಯಾನ್ ಹೆಚ್ಚುಕಡಿಮೆ 100ರ ವೇಗವನ್ನೇ ಹಿಡಿದುಕೊಂಡು ಓಡುತ್ತದೆ. ಕೋಸ್ಟಿಂಗ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಶೇ. 6 ಆದರೆ ವೇಗ ಸೆಕೆಂಡಿಗೆ ಒಂದು ಕಿ.ಮೀ.ಗೂ ಹೆಚ್ಚು ಏರುತ್ತದೆ, ಕಾಲು ಸೆಕೆಂಡು ಕನ್ನಡಿ ನೋಡಿ ಮತ್ತೆ ಎದುರು ನೋಡುವಷ್ಟರಲ್ಲಿ ತಿಳಿಯುವುದಿಲ್ಲ, ಹದಿನೈದು ಸೆಕೆಂಡಿನಲ್ಲಿ 100 ಇದ್ದದ್ದು 115 ದಾಟಿರುತ್ತದೆ. ಶೇ. 12ರಲ್ಲಿ 50ರ ವೇಗದಲ್ಲಿ ಬಿಟ್ಟರೆ ಪ್ರತಿ ಸೆಕೆಂಡಿಗೆ ಮೂರೂವರೆ ಕಿ.ಮೀ. ಏರಿಕೆ. ತಿರುವಿಗೆ ಮುಂಚೆ ಐದು ಸೆಕೆಂಡ್ ಎಂದರೂ ಭಯ ಹುಟ್ಟಿಸುವ ಸಂಖ್ಯೆ ಅದು. ಕಡಿದಾದ ಇಳಿಜಾರು ಗೊತ್ತಾದರೆ ಸಾಫ್ಟ್‌ವೇರ್ ತಾನೇ ಕ್ಲಚ್ ಕೂಡಿಸುವುದುಂಟು, ಅದನ್ನು ನೆಚ್ಚಿ ಕೂರಬೇಡಿ.

ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಹೈ ಆಲ್ಪೈನ್ ರಸ್ತೆ ಇದಕ್ಕೆ ತಕ್ಕ ಉದಾಹರಣೆ. 1935ರಲ್ಲಿ ತೆರೆದ 48 ಕಿ.ಮೀ. ಉದ್ದದ ರಸ್ತೆ, 36 ಹೇರ್‌ಪಿನ್ ತಿರುವು, ಶೇ. 12ರವರೆಗೆ ಇಳಿಜಾರು. 2,504 ಮೀಟರ್ ಎತ್ತರದ ಹೊಖ್‌ಟೋರ್‌ನಿಂದ ಹೈಲಿಗೆನ್‌ಬ್ಲೂಟ್‌ಗೆ ಬರುವಾಗ ಸುಮಾರು 1,200 ಮೀಟರ್ ಕೆಳಗಿಳಿಯುತ್ತೀರಿ. 3 ಟನ್ ತೂಕಕ್ಕೆ ಅದು ಹತ್ತಿರಹತ್ತಿರ 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ. ಎಂಜಿನ್ ಹಿಡಿಯದಿದ್ದರೆ ಅದರ ಬಹುಪಾಲು ಬ್ರೇಕ್ ಡಿಸ್ಕ್‌ಗಳೇ ನುಂಗಬೇಕು.

ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಿಸಿ ಬಂದವರಿಗೆ ‘ಹತ್ತಿದ ಗೇರಿನಲ್ಲೇ ಇಳಿಸು’ ಎಂಬ ಮಾತು ಗೊತ್ತೇ ಇರುತ್ತದೆ. ಡಿಎಸ್‌ಜಿಗೂ ಅದೇ ನಿಯಮ. ಇಳಿಯಲು ಶುರು ಮಾಡುವ ಮುಂಚೆಯೇ ಮ್ಯಾನ್ಯುವಲ್‌ಗೆ ಬನ್ನಿ. ಹೇರ್‌ಪಿನ್‌ಗೆ 2ನೇ ಗೇರ್, ನಡುವಿನ ನೇರ ತುಂಡುಗಳಿಗೆ 2 ಅಥವಾ 3. ಆರ್‌ಪಿಎಂ 2,500–3,500ರಲ್ಲಿ ಕೂಗಿದರೆ ಹೆದರಬೇಡಿ, ಡೀಸೆಲ್ ಖರ್ಚು ಆಗ ಸೊನ್ನೆ. ಬ್ರೇಕನ್ನು ಒಂದೇ ಸಮ ಮುಟ್ಟಿಕೊಂಡು ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕ್‌ಗೆ ಗಾಳಿ ಸಿಗುತ್ತದೆ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಕಾದಿದೆ. ಗೇರ್ ಇಳಿಸಿ, ಸಿಕ್ಕ ಮೊದಲ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಪಿ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಬ್ರೇಕ್ ಪೆಡಲ್ ಒತ್ತಿಕೊಂಡು ಕೂರಬೇಡಿ. ಡಿಸ್ಕ್‌ಗೆ ನೀರು ಸುರಿಯಲೇಬಾರದು, ಬಾಗಿ ಬಿರುಕು ಬಿಡಬಹುದು. ಅರ್ಧ ಗಂಟೆಯಾದರೂ ಆರಲಿ. ಬ್ರೇಕ್ ಆಯಿಲ್ ಹಳತಾದಷ್ಟೂ ತೇವ ಹೀರಿಕೊಂಡು ಬೇಗ ಕುದಿಯುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ತಪ್ಪಿಸಬೇಡಿ.

ಕೋಸ್ಟಿಂಗ್ ಬಾರದಿದ್ದರೆ

ಕ್ಯಾಂಪರ್‌ನವರನ್ನು ಹೆಚ್ಚು ಕಾಡುವ ಕಾರಣ ಹಿಂದಿನ ಸೈಕಲ್ ಕ್ಯಾರಿಯರ್. ಟೋ ಬಾರ್ (ಟ್ರೇಲರ್ ಎಳೆಯುವ ಕೊಕ್ಕೆ) ಮೇಲೆ ಕೂರಿಸಿ ಅದರ ದೀಪದ ವೈರನ್ನು 13 ಪಿನ್ ಸಾಕೆಟ್‌ಗೆ ಚುಚ್ಚಿದರೆ ವ್ಯಾನ್ ಅದನ್ನು ಟ್ರೇಲರ್ ಎಂದೇ ತಿಳಿದು ಕೋಸ್ಟಿಂಗ್ ನಿಲ್ಲಿಸುತ್ತದೆ. ಪ್ಲಗ್ ತೆಗೆದರೆ ವಾಪಸ್ ಬರುತ್ತದೆ, ಆದರೆ ದೀಪವಿಲ್ಲದ ಕ್ಯಾರಿಯರ್‌ನೊಂದಿಗೆ ರಸ್ತೆಗಿಳಿಯಬೇಡಿ. ಹೊಗೆಯ ಮಸಿ ಹಿಡಿಯುವ ಡೀಸೆಲ್ ಪಾರ್ಟಿಕಲ್ ಫಿಲ್ಟರ್ ಆ ಮಸಿಯನ್ನು ಸುಡುತ್ತಿರುವಾಗಲೂ ಹಲವು ಸಲ ಬರುವುದಿಲ್ಲ. ನಿಂತಾಗ ಐಡಲ್ 1,000ದ ಹತ್ತಿರ ಇರುವುದು, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿರುವುದು, ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಿರುಗುವುದು ಅದರ ಗುರುತು. ಓಡಿಸುತ್ತಿರಿ, ತಾನಾಗಿ ಮುಗಿಯುತ್ತದೆ.

ಕ್ಯಾಂಪರ್‌ನಲ್ಲಿ ಇನ್ನೊಂದು ಸಂಗತಿ ಬ್ಯಾಟರಿ. ಫ್ರಿಜ್, ದೀಪಗಳಿಗೆ ವಿದ್ಯುತ್ ಕೊಡುವ ಹಿಂದಿನ ಬ್ಯಾಟರಿ ಓಡುವಾಗ ಆಲ್ಟರ್ನೇಟರ್‌ನಿಂದ ತುಂಬಿಕೊಳ್ಳುತ್ತದೆ. ಶಕ್ತಿ ಮರಳಿ ಪಡೆಯುವ ಮಾದರಿಗಳಲ್ಲಿ ಆಲ್ಟರ್ನೇಟರ್ ಹೆಚ್ಚು ದುಡಿಯುವುದೇ ಗೇರಿನಲ್ಲಿ ಕಾಲು ತೆಗೆದಾಗ. ಕೋಸ್ಟಿಂಗ್‌ನಲ್ಲಿ ಆ ಅವಕಾಶ ತಪ್ಪುತ್ತದೆ, ಐಡಲ್ ವೇಗದಲ್ಲಿ ಉತ್ಪಾದನೆಯೂ ಕಡಿಮೆ. ರಾತ್ರಿ ಕರೆಂಟಿಲ್ಲದ ಜಾಗದಲ್ಲಿ ತಂಗುವುದಿದ್ದು, ಹಗಲು ಓಡುವುದು ಒಂದೆರಡು ಗಂಟೆ ಮಾತ್ರ ಎಂದಾದರೆ ಇಕೋ ಬಿಟ್ಟು ನಾರ್ಮಲ್‌ನಲ್ಲಿ ಓಡಿಸಿ.

ಮತ್ತೆ ಕಾಲಿಟ್ಟಾಗ ಕ್ಲಚ್ ಕೂಡುವುದು ಗೊತ್ತೇ ಆಗಬಾರದು. ಕೋಸ್ಟಿಂಗ್‌ನಿಂದ ಹೊರಬರುವಾಗಲೆಲ್ಲ ಜರ್ಕ್ ಹೊಡೆದರೆ, ಒಂದು ಸೆಕೆಂಡಿಗೂ ಹೆಚ್ಚು ತಡವಾದರೆ ಮೊದಲು ಡಿಎಸ್‌ಜಿ ಎಣ್ಣೆಯ ದಾಖಲೆ ನೋಡಿ. ಸಾಮಾನ್ಯವಾಗಿ 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಾಗಬೇಕು. ಅದಾದ ಮೇಲೆ ವರ್ಕ್‌ಶಾಪ್‌ನಲ್ಲಿ ಕ್ಲಚ್ ಅಡಾಪ್ಟೇಷನ್ (ಕ್ಲಚ್ ಕೂಡುವ ಹದವನ್ನು ಕಂಪ್ಯೂಟರ್‌ಗೆ ಮತ್ತೆ ಕಲಿಸುವುದು) ಮಾಡಿಸಿ. ಆಗಲೂ ಜರ್ಕ್ ಉಳಿದರೆ ಗೇರ್‌ಬಾಕ್ಸನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕವನ್ನು ಪರೀಕ್ಷಿಸಲು ಹೇಳಿ. ಬಾಡಿಗೆ ವ್ಯಾನ್ ಆಗಿದ್ದರೆ ಏಜೆನ್ಸಿಗೆ ಅಂದೇ ಬರಹದಲ್ಲಿ ತಿಳಿಸಿ, ಅಲ್ಲಿಯವರೆಗೆ ಇಕೋ ಬಿಟ್ಟು ಓಡಿಸಿ.