ಫ್ಯಾನ್ ಐದರಲ್ಲಿದ್ದರೂ ನಮ್ಮ ಕಾಗದದ ರಾಣಿ ಬೀಳಲಿಲ್ಲ

ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹಾಲ್‌ನಲ್ಲಿ, ನನ್ನ ಹತ್ತಿರ ಕ್ರಾಫ್ಟ್ ಕಲಿಯೋಕೆ ಬಂದ ಮಕ್ಕಳು ಮಾಡಿದ 14 ಕಾಗದದ ರಾಣಿಯರು ಸಾಲಾಗಿ ನಿಂತರು. ಮೇಲೆ ಫ್ಯಾನ್ ಐದರಲ್ಲಿ ತಿರುಗುತ್ತಿತ್ತು. ಒಬ್ಬಳೂ ಬೀಳಲಿಲ್ಲ. ಹಿಂದಿನ ಎರಡು ವರ್ಷ "ಇದು ಆಗೋದಲ್ಲ, ಬಿಟ್ಟುಬಿಡಿ" ಅಂತ ಹೇಳದವರೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿತ್ರದುರ್ಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ಕ್ರಾಫ್ಟ್ ಕಲಿಸುವವರಿಗೆ ಈ ಕಷ್ಟ ಗೊತ್ತೇ ಇರುತ್ತದೆ. ಫ್ಯಾನ್ ಹಾಕದಿದ್ದರೆ ಮಕ್ಕಳು ಕೂರುವುದಿಲ್ಲ, ಹಾಕಿದರೆ ಕಾಗದ ಕೂರುವುದಿಲ್ಲ. ಕಿಟಕಿ ತೆಗೆದರೆ ನಮ್ಮೂರಿನ ಗಾಳಿ. ಜೋಗಿಮಟ್ಟಿ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ?

ಮೊದಲ ವರ್ಷ ಲಂಗಕ್ಕೆ ಕಾಲು ವೃತ್ತ ಕತ್ತರಿಸಿದೆ. ನೋಡೋಕೆ ತೆಳ್ಳಗೆ, ಚೆನ್ನಾಗಿತ್ತು. ಆದರೆ ನಡುವಿನಿಂದ ಅಂಚಿಗೆ 15 ಸೆಂ.ಮೀ. ಉದ್ದದ ಕಾಲು ವೃತ್ತವನ್ನು ಕೋನ್ ಹಾಗೆ ಸುತ್ತಿದರೆ ಬುಡದ ಅಗಲ ಏಳೂವರೆ ಸೆಂ.ಮೀ. ಮಾತ್ರ ಬರುತ್ತದೆ. ತಲೆ ಅಂಟಿಸಿದ ಕೂಡಲೇ ಮುಗ್ಗರಿಸುತ್ತಿತ್ತು. ಅದೇ ಉದ್ದದಲ್ಲಿ ಅರ್ಧ ವೃತ್ತ ತೆಗೆದುಕೊಂಡರೆ ಬುಡ 15 ಸೆಂ.ಮೀ. ಆಗುತ್ತದೆ, ಎತ್ತರ ಒಂದೂವರೆ ಸೆಂ.ಮೀ. ಅಷ್ಟೇ ಕಡಿಮೆ. ಇಷ್ಟು ತಿಳಿಯೋಕೆ ನನಗೆ ಒಂದು ಇಡೀ ರಜೆ ಹಿಡಿಯಿತು.

ಎರಡನೇ ವರ್ಷ ದುಡ್ಡು ಹೋಯಿತು. ತಲೆ ಗುಂಡಗಿರಲಿ ಅಂತ ದಾವಣಗೆರೆಯಿಂದ ಥರ್ಮಾಕೋಲ್ ಗುಂಡು ತರಿಸಿದೆ, ಅದಕ್ಕೇ 250 ರೂಪಾಯಿ ಹತ್ತಿರ ಆಯಿತು. ಗ್ಲಿಟರ್, ಲೇಸ್, ಮಣಿ ಎಲ್ಲ ಸೇರಿ ಸಾವಿರದ ನೂರೋ ಇನ್ನೂರೋ. ಮಕ್ಕಳಿಂದ ವಾರಕ್ಕೆ 100 ರೂಪಾಯಿ ತೆಗೆದುಕೊಂಡಿದ್ದೆ, ಬಂದವರು ಒಂಬತ್ತೇ ಜನ. ಕೈಯಿಂದ ಹೋದದ್ದು ಇರಲಿ, ಗುಂಡು ಕೂರಿಸಿದ ಮೇಲೆ ಕಾಗದದ ಕುತ್ತಿಗೆ ಕುಸಿಯಿತು. ಅಂಟಿನ ಖರ್ಚು ಉಳಿಸೋಣ ಅಂತ ಮೈದಾ ಕಾಯಿಸಿ ಅಂಟು ಮಾಡಿದ್ದೆ. ರಾತ್ರಿ ಬೆಳಗಾಗುವುದರೊಳಗೆ ಇರುವೆ ಸಾಲು ಹಿಡಿದಿತ್ತು. ಒಂದು ಮಗು ತನ್ನ ರಾಣಿಯ ಮುಖ ನೋಡಿ ಅತ್ತುಬಿಟ್ಟಿತು. ಆ ಅಳು ನನಗೆ ಇವತ್ತಿಗೂ ಮರೆತಿಲ್ಲ.

ನಮ್ಮ ಓರಗಿತ್ತಿ ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳು ಆಗಲೇ ಹೇಳಿದ್ದಳು, "ಅಕ್ಕಾ, ರೆಡಿ ಕಿಟ್ ತಗೊಂಡ್ಬಿಡಿ, ಒಂದಕ್ಕೆ 120 ರೂಪಾಯಿ, ತಲೆನೋವೇ ಇರಲ್ಲ." ರೆಡಿ ಕಿಟ್‌ನಲ್ಲಿ ಮಕ್ಕಳು ಮಾಡುವುದಾದರೂ ಏನು? ಸ್ಟಿಕ್ಕರ್ ಕಿತ್ತು ಅಂಟಿಸುವುದು. ನನಗೆ ಅದು ಬೇಡವಾಗಿತ್ತು.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಅತ್ತೆ ಬುಡ ದುಂಡಗಿರುವ ಹಳೇ ತಾಮ್ರದ ಕೊಡ ತೊಳೆದು, ಬಟ್ಟೆಯ ಸಿಂಬೆ ಮೇಲೆ ಇಟ್ಟರು. ಕೊಡ ಅಲ್ಲಾಡದೆ ಕೂತಿತು. ರಾಣಿಗೂ ಸಿಂಬೆ ಯಾಕಾಗಬಾರದು ಅಂದುಕೊಂಡೆ. ನ್ಯೂಸ್‌ಪೇಪರಿನ ಒಂದು ಹಾಳೆಯನ್ನು ಮೂಲೆಯಿಂದ ಸುರುಳಿ ಸುತ್ತಿ, ಅಂಗೈ ಸ್ವಲ್ಪ ಒದ್ದೆ ಮಾಡಿಕೊಂಡು ಹಗ್ಗದ ಹಾಗೆ ಹೊಸೆಯಬೇಕು. ಹೊಸೆದದ್ದನ್ನು ಲಂಗದ ಒಳಗೆ, ಕೆಳ ಅಂಚಿಗೆ ಸುತ್ತಲೂ ಅಂಟಿಸಬೇಕು. ಸುತ್ತಳತೆ ಸುಮಾರು 47 ಸೆಂ.ಮೀ., ಒಂದು ಹಾಳೆ ಸಾಕು. ಅಂಟು ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿ ಬಿಡುತ್ತೇನೆ, ಆರೇಳು ಕ್ಲಿಪ್ ಬೇಕು. ಭಾರ ಎಲ್ಲ ಕೆಳಗೆ ಬರುತ್ತದೆ, ಅಂಚೂ ಸೊಟ್ಟಗಾಗುವುದಿಲ್ಲ. ಹೊಸೆಯುವಾಗ ಒಳಗೆ ಒಂದು ಸಾಮಾನು ಸೇರಿಸುತ್ತೇನೆ, ಅದು ಏನು ಅಂತ ಇಲ್ಲಿ ಹೇಳುವುದಿಲ್ಲ. ಅದಿಲ್ಲದೆಯೂ ಫ್ಯಾನ್ ಮೂರರವರೆಗೆ ನಿಲ್ಲುತ್ತದೆ.

ಕಲ್ಲು ಇಟ್ಟೂ ನೋಡಿದ್ದೆ. ನಮ್ಮೂರಲ್ಲಿ ಕಲ್ಲಿಗೇನು ಬರ. ಸೆಲ್ಲೋಟೇಪ್ ಬಿಟ್ಟುಕೊಂಡು ಒಳಗೆ ಗಡಗಡ ಅನ್ನುತ್ತಿತ್ತು. ನಾಣ್ಯ ಇಟ್ಟರೆ ಸಂಜೆಯೊಳಗೆ ಮಕ್ಕಳು ಕಿತ್ತು ಅಂಗಡಿಗೆ ಓಡುತ್ತಿದ್ದರು. ಹುಣಸೆ ಬೀಜ ಪರವಾಗಿಲ್ಲ, ಆದರೆ ಅಂಟಿಸೋಕೆ ಹೊತ್ತು ಜಾಸ್ತಿ.

ಚಾರ್ಟ್ ಕತ್ತರಿಸುವುದರಲ್ಲೂ ದುಡ್ಡಿದೆ. ಮೊದಲು ದೊಡ್ಡ ಊಟದ ತಟ್ಟೆ ಇಟ್ಟು ಪೂರ್ತಿ ವೃತ್ತ ಬರೆದು ಎರಡು ಭಾಗ ಮಾಡುತ್ತಿದ್ದೆ, ಒಂದು ಚಾರ್ಟಿಗೆ ನಾಲ್ಕೇ ಲಂಗ ಬರುತ್ತಿದ್ದವು. ಈಗ ತಟ್ಟೆಯ ಅರ್ಧ ಹೊರಗೆ ಬಿಟ್ಟು ಅರ್ಧ ವೃತ್ತವನ್ನೇ ಬರೆಯುತ್ತೇನೆ. ಎರಡು ಸಾಲಿನಲ್ಲಿ ಮೂರು ಮೂರು, ಒಟ್ಟು ಆರು. ಅಂಚಿನಲ್ಲಿ ಉಳಿಯುವ ಪಟ್ಟಿ ಕೈಗೆ, ಸೆರಗಿಗೆ ಆಗುತ್ತದೆ. ಬಿ.ಡಿ. ರಸ್ತೆಯ ಅಂಗಡಿಯಲ್ಲಿ ಚಾರ್ಟ್ ಹತ್ತು ರೂಪಾಯಿ. ಹಳೇ ಕ್ಯಾಲೆಂಡರ್ ಬಳಸಬೇಡಿ, ಆ ನುಣುಪಿಗೆ ಅಂಟು ಹಿಡಿಯುವುದಿಲ್ಲ.

ಮುಖಕ್ಕೆ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ. ಎರಡು ಮುಖ ಕತ್ತರಿಸಿ ನಡುವೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಅಂಟಿಸಿ, ಕಡ್ಡಿಯನ್ನು ಲಂಗದ ತುದಿಯಿಂದ ಒಳಗೆ ಇಳಿಸಿದರೆ ಕುತ್ತಿಗೆ ಗಟ್ಟಿ. ಮಕ್ಕಳು ಮೊದಮೊದಲು ಗುಲಾಬಿ ಬಣ್ಣದ ಮುಖ, ನೀಲಿ ಗೌನು ಬೇಕು ಅಂತ ಹಟ ಹಿಡಿದರು. ಕಂದು ಮುಖಕ್ಕೆ ಒಬ್ಬಳು ಕಾಡಿಗೆ ತೀಡಿ, ಚಿಕ್ಕ ಕೆಂಪು ಬೊಟ್ಟಿಟ್ಟಳು. "ಮಿಸ್, ಇವಳು ನಮ್ಮಮ್ಮನ ಥರ ಇದಾಳೆ" ಅಂದಳು. ಆಮೇಲೆ ಯಾರೂ ಗುಲಾಬಿ ಕೇಳಲಿಲ್ಲ.

ಅಲ್ಲಿಂದ ಗೌನು ಹೋಗಿ ಸೀರೆ ಬಂತು. ಮೊಳಕಾಲ್ಮೂರು ರೇಷ್ಮೆ ಸೀರೆ ನಮ್ಮ ಜಿಲ್ಲೆಯದೇ, ರಾಣಿ ಬೇರೆ ಏನು ಉಡಬೇಕು? ಅಂಚಿಗೆ ಹಳೇ ಲಗ್ನಪತ್ರಿಕೆಯ ಬಂಗಾರದ ಪಟ್ಟಿ, ಕಿರೀಟವೂ ಅದರದ್ದೇ. ದೇವರ ಚಿತ್ರ ಇದ್ದ ಭಾಗವನ್ನು ಅತ್ತೆ ಮೊದಲೇ ಕತ್ತರಿಸಿ ತೆಗೆದಿಟ್ಟರು. ಜಡೆಗೆ ಕಪ್ಪು ಉಲ್ಲನ್. ಮಲ್ಲಿಗೆಗೆ ಏನು ಮಾಡಿದೆವು ಗೊತ್ತಾ? ಪಂಚಿಂಗ್ ಮೆಷಿನ್‌ನಲ್ಲಿ ಬಿಳಿ ಕಾಗದ ತೂತು ಮಾಡಿದರೆ ಉದುರುವ ಚುಕ್ಕಿಗಳನ್ನು ಒಂದೊಂದಾಗಿ ಅಂಟಿಸಿದೆವು. ಆರು ವರ್ಷದ ಮಕ್ಕಳು ಅರ್ಧ ಗಂಟೆ ಉಸಿರು ಬಿಗಿಹಿಡಿದು ಕೂತು ಅಂಟಿಸಿದ್ದನ್ನು ನೀವು ನೋಡಬೇಕಿತ್ತು.

ಇಬ್ಬರು ಹುಡುಗರಿಗೆ ರಾಣಿ ಬೇಡವಾಗಿತ್ತು, ಓಬವ್ವ ಬೇಕಿತ್ತು. ಸರಿ, ಮಾಡಿ ಅಂದೆ. ಒನಕೆಯನ್ನು ನ್ಯೂಸ್‌ಪೇಪರಿನಲ್ಲೇ ಸುತ್ತಿದರು. ಓಬವ್ವನಿಗೂ ಕಿರೀಟ ಇಡಬೇಕೋ ಬೇಡವೋ ಅಂತ ದೊಡ್ಡ ಜಗಳ ಆಯಿತು. ಅವಳು ಕೋಟೆ ಕಾವಲುಗಾರನ ಹೆಂಡತಿ, ರಾಣಿ ಅಲ್ಲ ಅಂತ ಒಬ್ಬ. ಹೈದರಾಲಿ ಸೈನಿಕರನ್ನು ಕಿಂಡಿಯಲ್ಲೇ ತಡೆದವಳಿಗೆ ಕಿರೀಟ ಯಾಕಿಲ್ಲ ಅಂತ ಇನ್ನೊಬ್ಬ. ಕೊನೆಗೆ ಸೆರಗನ್ನು ಸೊಂಟಕ್ಕೆ ಬಿಗಿದು, ಕಿರೀಟ ಬಿಟ್ಟರು. ಆದರೆ ಒನಕೆ ಎತ್ತಿದ ಕೈಯ ಭಾರಕ್ಕೆ ಓಬವ್ವ ಹಿಂದಕ್ಕೆ ವಾಲುತ್ತಾಳೆ. ಸಿಂಬೆಯ ಹಿಂಭಾಗ ದಪ್ಪ ಮಾಡಿ ನೋಡಿದೆ, ಫ್ಯಾನ್ ಎರಡಕ್ಕೆ ನಿಂತಳು, ಮೂರಕ್ಕೆ ಇಲ್ಲ. ದಸರಾ ರಜೆಯಲ್ಲಿ ಮತ್ತೆ ಕೂರಬೇಕು.

ಈಗ ಒಂದು ರಾಣಿಗೆ ಫೆವಿಕಾಲ್ ಸೇರಿ ಆರೇಳು ರೂಪಾಯಿ ಬೀಳುತ್ತದೆ. ವಾರಕ್ಕೆ 150 ರೂಪಾಯಿಯಂತೆ 16 ಮಕ್ಕಳು, ಖರ್ಚು ಕಳೆದು ಎರಡು ಸಾವಿರದ ಮೇಲೆ ಉಳಿಯಿತು. ಓರಗಿತ್ತಿ ಬಂದು ತಾನೇ ರೆಗ್ಯುಲೇಟರ್ ತಿರುಗಿಸಿ ನೋಡಿದಳು. ಆಮೇಲೆ ಕೆಳಗೆ ಕೂತು ಒಂದು ರಾಣಿಯನ್ನು ಮಗುಚಿ, ಸಿಂಬೆಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿ, "ಅಕ್ಕಾ, ಇದರೊಳಗೆ ಏನು ಹಾಕಿದೀರ?" ಅಂತ ಕೇಳಿದಳು. ತನ್ನ ನರ್ಸರಿಗೆ ಮೂವತ್ತು ಸಿಂಬೆ ಹೊಸೆದು ಕೊಡಬೇಕಂತೆ. ಒಂದಕ್ಕೆ ಐದು ರೂಪಾಯಿ ಹೇಳಿದ್ದೇನೆ.