ಎರಡೂಕಾಲು ಲಕ್ಷದಲ್ಲಿ ಇಬ್ಬರೂ ಲಂಡನ್ ನೋಡಿ ಬಂದೆವು

"ನಾಲ್ಕು ಲಕ್ಷ ಇಲ್ಲದೆ ಲಂಡನ್ ಹೆಸರೆತ್ತಬೇಡ ಮಾರಾಯ" ಎಂದು ಆಫೀಸಿನಲ್ಲಿ ನಕ್ಕಿದ್ದರು. ನಾನು, ನನ್ನ ಹೆಂಡತಿ ಫೆಬ್ರವರಿಯಲ್ಲಿ ಹೋಗಿ ಎಂಟು ರಾತ್ರಿ ಇದ್ದು ಬಂದೆವು. ವಿಮಾನಕ್ಕೆ ಹತ್ತಿರ ಹತ್ತಿರ 1,10,000, ವೀಸಾಕ್ಕೆ ಇಬ್ಬರದೂ ಸೇರಿ 28,000, ರೂಮಿಗೆ 42,000. ಮಿಕ್ಕ 45,000 ಓಡಾಟಕ್ಕೆ, ಹೊಟ್ಟೆಗೆ.

ಇದಕ್ಕೂ ಮೊದಲು ಒಂದು ಪ್ಲಾನ್ ಹಾಕಿ ಕೈಬಿಟ್ಟಿದ್ದೆ. ಊರ ನಡುವೆಯೇ ಇರಬೇಕು ಅಂತ ಪ್ಯಾಡಿಂಗ್ಟನ್ ಹತ್ತಿರ ರೂಮು ಹುಡುಕಿದ್ದೆ. ರಾತ್ರಿಗೆ 110 ಪೌಂಡ್ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಈ ಸಲ ಲಂಡನ್ನಿನ ಪಶ್ಚಿಮಕ್ಕಿರುವ, ಪಂಜಾಬಿಗಳು ಹೆಚ್ಚಿರುವ ಸೌಥಾಲ್ ಹಿಡಿದೆ. "ಅದು ಪಂಜಾಬ್, ಲಂಡನ್ ಅಲ್ಲ" ಎಂದರು ಆಫೀಸಿನವರು. ಇರಲಿ ಬಿಡಿ, ಎಲಿಜಬೆತ್ ಲೈನ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಊರ ನಡುವೆ ಇಳಿಯುತ್ತೇವೆ. ರೂಮು ಹೇಗೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ, ಮುಂದಿನ ಸಲಕ್ಕೂ ನನಗೆ ಅದೇ ಬೇಕು.

ಹೀಥ್ರೂ ವಿಮಾನ ನಿಲ್ದಾಣದಿಂದ ಸೌಥಾಲ್‌ಗೆ 105 ನಂಬರ್ ಬಸ್ಸಿದೆ. ತಲೆಗೆ 1.75 ಪೌಂಡ್ ಕೊಟ್ಟೆವು. ಸೂಟ್‌ಕೇಸ್ ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತೆವು. ಮೊದಲ ಬಸ್ಸಿನಲ್ಲಿ ಬ್ಯಾಂಕ್ ಕಾರ್ಡ್ ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅದೇ ದುಡ್ಡು. ರೈಲಿಗೆ ಜನ ಹೆಚ್ಚಿರುವ ಹೊತ್ತಿನಲ್ಲಿ ದರ ಜಾಸ್ತಿ. ಹಾಗಾಗಿ ಬೆಳಿಗ್ಗೆ ಒಂಬತ್ತೂವರೆ ದಾಟಿದ ಮೇಲೆ ರೈಲು, ಹಗಲೆಲ್ಲ ಬಸ್ಸು, ಸಂಜೆ ಏಳರ ನಂತರ ವಾಪಸ್ ರೈಲು. ಟೂರಿಸ್ಟ್ ಬಸ್ಸಿನ ಬದಲು 15 ನಂಬರಿನ ಮಹಡಿ ಬಸ್ಸಿನಲ್ಲಿ ಮೇಲೆ ಮುಂದಿನ ಸೀಟು ಹಿಡಿದೆವು. ಟ್ರಫಾಲ್ಗರ್ ಚೌಕ, ಸೇಂಟ್ ಪಾಲ್ಸ್ ಚರ್ಚು, ಟವರ್ ಆಫ್ ಲಂಡನ್ ಕೋಟೆ ಎಲ್ಲ ಅಲ್ಲೇ ಕಂಡವು.

ದಂಡ ತೆತ್ತದ್ದು ಎರಡನೇ ದಿನ. ರೈಲು ನಿಲ್ದಾಣದ ಒಳಗೆ ಹೋಗುವಾಗ ಗೇಟಿಗೆ ಫೋನ್ ಮುಟ್ಟಿಸಿದೆ. ಹೊರಗೆ ಬರುವಾಗ ಚಳಿಗೆ ಕೈ ಮರಗಟ್ಟಿತ್ತು, ಜೇಬಿಗೆ ಕೈ ಹಾಕಿದಾಗ ಸಿಕ್ಕ ಕಾರ್ಡ್ ಮುಟ್ಟಿಸಿದೆ. ಎರಡಕ್ಕೂ ಒಂದೇ ಖಾತೆ, ಏನಾದೀತು ಅಂದುಕೊಂಡೆ. ರೈಲಿನವರ ಲೆಕ್ಕದಲ್ಲಿ ಅವು ಎರಡು ಬೇರೆ ಪ್ರಯಾಣ, ಎರಡೂ ಅರ್ಧಂಬರ್ಧ. ಎರಡಕ್ಕೂ ಗರಿಷ್ಠ ದರ ಬಿತ್ತು. ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ! ಅವತ್ತು ಹೆಂಡತಿ ಕಾಫಿ ಕುಡಿಯಲು ಬಿಡಲಿಲ್ಲ.

ಇನ್ನೊಂದು ಎಡವಟ್ಟು ಭಾನುವಾರದ್ದು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಅವತ್ತು ಆರೇ ಗಂಟೆಯ ಕಾಲ ತೆರೆದಿರುತ್ತವೆ. ಸಂಜೆ ಹೋದರೆ ಬಾಗಿಲು ಹಾಕಿತ್ತು. ಊರಿಂದ ಒಯ್ದ ಅವಲಕ್ಕಿ, ಚಟ್ನಿಪುಡಿ ಕಾಪಾಡಿತು. ತುಪ್ಪ ಒಯ್ದಿರಲಿಲ್ಲ, ಹಾಲಿನ ಪದಾರ್ಥ ಅಲ್ಲಿಗೆ ಬಿಡುವುದಿಲ್ಲ. ಮರುದಿನ ಸೌಥಾಲ್ ಗುರುದ್ವಾರದ ಲಂಗರಿನಲ್ಲಿ, ಅಂದರೆ ಪುಕ್ಕಟೆ ದಾಸೋಹದಲ್ಲಿ, ಬಿಸಿ ರೊಟ್ಟಿ, ದಾಲ್ ತಿಂದು ಕೈಲಾದಷ್ಟು ಹುಂಡಿಗೆ ಹಾಕಿ ಬಂದೆವು.

ನೋಡುವುದಕ್ಕೇನೂ ಕೊರತೆಯಿಲ್ಲ. ದೊಡ್ಡ ಮ್ಯೂಸಿಯಂಗಳಲ್ಲಿ ಹೆಚ್ಚಿನವು ಪುಕ್ಕಟೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಹುಲಿ ನೋಡಲೇಬೇಕು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ಕೈಸೇರಿದ್ದು. ಬಿದ್ದ ಬಿಳಿಯ ಸೈನಿಕನ ಮೇಲೆ ಮರದ ಹುಲಿ, ಪಕ್ಕದಲ್ಲಿ ತಿರುಗಿಸುವ ಹಿಡಿ, ಹೊಟ್ಟೆಯೊಳಗೆ ಆರ್ಗನ್ನಿನ ಕೀಲಿಗಳು. ನಾವು ಮೈಸೂರಿನವರು, ಸುಮಾರು ಹೊತ್ತು ಅದರ ಮುಂದೆಯೇ ನಿಂತೆವು. ಇನ್ನೊಂದು ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ನದಿ ದಂಡೆ ಹಿಡಿದು ನಡೆದು ಬಸವಣ್ಣನವರ ಪುತ್ಥಳಿಗೆ ಕೈಮುಗಿದೆವು. 2015ರಲ್ಲಿ ನಿಲ್ಲಿಸಿದ್ದು.

ಕಡೆಯ ದಿನ ಒಂದು ಪ್ರಯೋಗ ಮಾಡಿದೆ. ಥೇಮ್ಸ್‌ನಲ್ಲಿ ದೋಣಿ ಸವಾರಿ ದುಬಾರಿ ಅಲ್ವಾ? ವುಲಿಚ್‌ನಲ್ಲಿ ಆಚೆ ದಡಕ್ಕೆ ಹೋಗುವ ಫೆರಿಗೆ ದುಡ್ಡೇ ಇಲ್ಲ. ಲಾರಿಗಳ ಜೊತೆ ನಾವೂ ಹತ್ತಿದೆವು. ಹತ್ತು ನಿಮಿಷವೂ ಆಗಿಲ್ಲ, ದಡ ಬಂತು. "ಇಷ್ಟೇನಾ?" ಎಂದಳು ಹೆಂಡತಿ. ಇಳಿದು, ಅದೇ ಫೆರಿಗೆ ಮತ್ತೆ ಹತ್ತಿಸಿದೆ.